ಹಲ್ಲು ಕಾಣೋ ಹಾಗೆ

ಅಯ್ಯೋ, ಅಲ್ಲಾಡಬೇಡಿ ಮೇಡಂ! ಹಲ್ಲಿನ ಅಚ್ಚು ಕೆಟ್ಟರೆ ಮತ್ತೆ ಮೊದಲಿಂದ ಕಲಸಬೇಕು, ಮತ್ತೆ ಬಾಯಿ ತುಂಬ ಈ ಗುಲಾಬಿ ಮುದ್ದೆ. ಬೇಕಾ? ಬೇಡ ಅಲ್ವಾ. ಹಾಗಾದ್ರೆ ಮೂಗಲ್ಲಿ ಉಸಿರಾಡಿ. ನಿಧಾನ... ಹಾಂ, ಹಾಗೆ. ಜೊಲ್ಲು ಸುರಿದ್ರೆ ಸುರೀಲಿ ಬಿಡಿ, ಕತ್ತಿಗೆ ಬಟ್ಟೆ ಕಟ್ಟಿದೀನಲ್ಲ. ಡಾಕ್ಟರು ಪಕ್ಕದ ಕೋಣೆಯಲ್ಲಿ ಯಾರದೋ ದವಡೆ ಹಲ್ಲಿನ ಜೊತೆ ಕುಸ್ತಿ ಮಾಡ್ತಿದಾರೆ. ಈಗಲೇ ಬರಲ್ಲ.

ಎಲ್ಲಿಗೆ ನಿಲ್ಲಿಸಿದ್ದೆ? ಹಾಂ, ನನ್ನ ತಂಗಿ ವಿಷಯ.

ಅವಳಿಗೂ ನಿಮ್ಮದೇ ಕಾಯಿಲೆ. ನಿದ್ದೆಯಲ್ಲಿ ಹಲ್ಲು ಕಡಿಯೋದು. ಕರ್... ಕರ್... ಅಂತ. ಅವಳ ಗಂಡ ಇಲಿ ಬಂದಿದೆ ಅಂದ್ಕೊಂಡು ಮಂಚದ ಕೆಳಗೆಲ್ಲ ಟಾರ್ಚು ಬಿಟ್ಟು ಹುಡುಕಿದನಂತೆ! ಯಾಕೆ ನಗ್ತೀರಿ? ಅಲ್ಲ, ನಗಿ ನಗಿ, ಕಣ್ಣಲ್ಲೇ ನಗಿ. ನಿಮ್ಮ ಕಣ್ಣಿಗೂ ನಗೋಕೆ ಬರುತ್ತೆ ಅಂತ ನನಗೆ ಗೊತ್ತೇ ಇರಲಿಲ್ಲ.

ಒತ್ತಡದಿಂದ ಬರೋದಂತೆ ಇದು. ನಿಮಗೆ ಡಾಕ್ಟರು ಹೇಳುವಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಈ ಅಚ್ಚಿಂದ ಮಾಡೋ ಹಲ್ಲಿನ ಕವಚ ರಾತ್ರಿ ಹಾಕ್ಕೊಂಡು ಮಲಗಿ. ಮಲಗೋ ಕೋಣೆಯಲ್ಲಿ ಫೋನ್ ಇಡಬೇಡಿ. ಸಂಜೆ ಸ್ವಲ್ಪ ನಡೀರಿ. ತುಟಿ ಸೇರಿದ್ರೂ ಹಲ್ಲಿಗೆ ಹಲ್ಲು ತಾಗಬಾರದು. ನಂಬಿಕೆ ಇರೋರ ಹತ್ರ ಮನಸ್ಸು ಬಿಚ್ಚಿ ಮಾತಾಡಿ, ಅದರಲ್ಲೂ ಹಗುರ ಆಗದಿದ್ರೆ ಮನಸ್ಸಿನ ಡಾಕ್ಟರನ್ನ ನೋಡಿ, ನಾಚಿಕೆ ಏನಿಲ್ಲ... ಎಷ್ಟು ಮೃದುವಾಗಿ ಹೇಳಿದ್ರು, ಅಲ್ವಾ? ನಿಮ್ಮ ಕಣ್ಣಲ್ಲಿ ನೀರು ಬಂತು. ನೋಡಿದೆ ನಾನು.

ನನ್ನ ತಂಗಿಗೆ ಹಾಗೆ ಹೇಳೋರು ಯಾರೂ ಇರಲಿಲ್ಲ. ಅಲ್ಲಲ್ಲ, ಇದ್ರು! ಅವಳ ಆಫೀಸಿನ ಗೋಡೆಗೇ ಅಂಟಿಸಿದ್ರು, 'ನಿಮ್ಮ ಮನಸ್ಸಿನ ಆರೋಗ್ಯ ಕಾಪಾಡಿಕೊಳ್ಳಿ' ಅಂತ ದೊಡ್ಡ ದೊಡ್ಡ ಅಕ್ಷರದಲ್ಲಿ. ಟಾಯ್ಲೆಟ್ಟಿನ ಬಾಗಿಲ ಪಕ್ಕ. ಟಾಯ್ಲೆಟ್ಟಿಗೆ ಹೋಗೋಕೆ ಮಾತ್ರ ಶಾಲೆ ಮಕ್ಕಳ ಹಾಗೆ ಕೈ ಎತ್ತಿ ಕೇಳಬೇಕಿತ್ತು.

ಕಣ್ಣು ಯಾಕೆ ಅಷ್ಟಗಲ ಆಯ್ತು? ಬೆಳಕು ಜಾಸ್ತಿ ಆಯ್ತಾ? ಇರಿ, ದೀಪ ಆ ಕಡೆ ತಿರುಗಿಸ್ತೀನಿ.

ವಿಮಾನದ ಟಿಕೆಟ್ ಮಾರೋ ಕಂಪನಿ ಅದು. ವಿಮಾನಗಳೆಲ್ಲ ನೆಲ ಹಿಡಿದು ಕೂತಿದ್ದ ಕಾಲ ನೆನಪಿದೆಯಲ್ಲ? ಎಲ್ಲೆಲ್ಲೋ ಸಿಕ್ಕಿಹಾಕಿಕೊಂಡ ಜನ ಫೋನ್ ಮಾಡಿ ಬಾಯಿಗೆ ಬಂದ ಹಾಗೆ ಬಯ್ಯೋರು. ಯಾವ ದೇಶದವರು ಯಾವ ಸಂಬಂಧಿಕರನ್ನ ಎಳೆದು ಬಯ್ತಾರೆ ಅಂತ ನನ್ನ ತಂಗಿ ಕೂತು ಪಾಠ ಮಾಡಬಲ್ಲಳು! ಬೈಗುಳ ತಿನ್ನೋಕೆ ಅಂತಲೇ ಸಾಲಾಗಿ ಕೂರಿಸಿದ್ದ ಹುಡುಗಿಯರು. ಪ್ರತಿ ಮೇಜಿನ ಮೇಲೂ ಒಂದು ಪುಟ್ಟ ಕನ್ನಡಿ. ಯಾಕೆ ಅಂತ ನಿಮಗೆ ಗೊತ್ತು... ಅಂದ್ರೆ, ಊಹಿಸಿ! ಮಾತಾಡುವಾಗ ನಗ್ತಿದೀವಾ ಇಲ್ವಾ ಅಂತ ನೋಡ್ಕೊಳ್ಳೋಕೆ. ನಗು ದನಿಯಲ್ಲಿ ಕೇಳಿಸುತ್ತಂತೆ. ಅಲ್ಲಿನ ಮೇಡಂ ಬೆನ್ನ ಹಿಂದಿಂದ ಬಂದು ಕನ್ನಡಿಗೆ ಇಣುಕೋರು. 'ಹಲ್ಲು ಕಾಣಲಿ ಕಣಮ್ಮಾ.' ಎಲ್ಲರಿಗೂ ಒಂದೊಂದು ಸ್ಪಂಜಿನ ಚೆಂಡು ಬೇರೆ ಹಂಚಿದ್ರು, ಒತ್ತಡ ಆದಾಗ ಹಿಚುಕಿ ಅಂತ. ಹಿಚುಕಿದಳು ನನ್ನ ತಂಗಿ. ಮೇಡಂ ಕತ್ತು ಅಂದ್ಕೊಂಡು.

ಉಸಿರು! ಮೂಗಲ್ಲಿ ಅಂದೆ. ಕೈ ಕೆಳಗಿಡಿ. ಇನ್ನೂ ಗಟ್ಟಿಯಾಗಿಲ್ಲ. ಬೆಚ್ಚಗಿನ ನೀರಲ್ಲಿ ಕಲಸಿದ್ರೆ ಬೇಗ ಗಟ್ಟಿಯಾಗುತ್ತೆ, ತಣ್ಣೀರಾದ್ರೆ ತಡ. ಇವತ್ತು ತಣ್ಣೀರು. ಹೊರಗೆ ನಿಮ್ಮ ಹೆಸರು ಕರೆದ ಕೂಡಲೇ ಫ್ರಿಜ್ಜಿಂದ ತಂದೆ.

ಒಬ್ಬರು ಫೋನ್ ಮಾಡಿದ್ರು. ಅಮ್ಮ ಸಾಯ್ತಿದಾರೆ, ಹೇಗಾದ್ರೂ ಒಂದು ಸೀಟು ಕೊಡ್ಸಮ್ಮಾ ಅಂತ. 'ಇಲ್ಲ ಸರ್' ಅಂದಳು. ನಗ್ತಾ. ಹಲ್ಲು ಕಾಣೋ ಹಾಗೆ! ಆಮೇಲೆ ಮೆಲ್ಲಗೆ ಕೇಳಿದ್ರು, 'ನಗ್ತಾ ಇದೀಯೇನಮ್ಮಾ?'

ಅಷ್ಟೇ. ಬೈದಿದ್ರೆ ತಡ್ಕೋತಿದ್ದಳು. ಮುಂದಿನ ಫೋನಿಗೆ ನಗು ಬರಲಿಲ್ಲ. ತುಟಿಯೇ ಏಳಲಿಲ್ಲ. ಮೇಡಂ ಏನು ಮಾಡಿದ್ರು, ಹೇಳಿ ನೋಡೋಣ? ಪಾಪ, ಹೇಗೆ ಹೇಳ್ತೀರಿ, ಬಾಯಿ ತುಂಬಿದೆ. ಅವಳನ್ನ ಆಫೀಸಿನ ನಟ್ಟನಡುವೆ ನಿಲ್ಲಿಸಿ ಕೈಗೆ ಕನ್ನಡಿ ಕೊಟ್ರು. 'ನಗು. ಎಲ್ಲರೂ ನೋಡ್ಲಿ. ಇನ್ನೂ... ಇನ್ನೂ ಸ್ವಲ್ಪ...' ಅಳ್ತಾ ಅಳ್ತಾ ನಕ್ಕಳು. ಉಳಿದವರೆಲ್ಲ ತಂತಮ್ಮ ಕನ್ನಡಿ ನೋಡ್ಕೊಂಡು ಕೂತಿದ್ರು. ಆ ಕನ್ನಡಿಯ ಮೂಲೆ ಒಡೆದಿತ್ತು, ಹೆಬ್ಬೆರಳಿಗೆ ಚುಚ್ತಾ ಇತ್ತು... ಅಂತ ಹೇಳ್ತಿದ್ದಳು. ತಂಗಿ.

ಆವತ್ತಿಂದ ಕರ್... ಕರ್... ಒಂದು ಬೆಳಿಗ್ಗೆ ಬ್ರೆಡ್ಡು ತಿನ್ನುವಾಗ ಮುಂದಿನ ಹಲ್ಲು ಮುರಿದು ಕೈಗೆ ಬಂತು. ಮೆತ್ತಗಿನ ಬ್ರೆಡ್ಡು, ಮೇಡಂ! ಹಲ್ಲಿಲ್ಲದ ನಗು ಕಂಪನಿಗೆ ಯಾಕೆ? ಮನೆಗೆ ಕಳಿಸಿದ್ರು. ಮನೆಯಲ್ಲಿ ಗಂಡಾನೂ... ಹೋಗ್ಲಿ, ಅವನ ಸುದ್ದಿ ಬೇಡ.

ಈಗ ಗುಂಡುಕಲ್ಲಿನ ಹಾಗಿದಾಳೆ! ಹೊಸ ಹಲ್ಲು, ಹೊಸ ಕೆಲಸ, ದಿಂಬಿಗೆ ತಲೆ ಇಟ್ಟ ಕೂಡಲೇ ನಿದ್ದೆ. ಎಲ್ಲ ಮರೆತಿದಾಳೆ. ಯಾರ ಮೇಲೂ ಸಿಟ್ಟಿಲ್ಲ. ಸಿಟ್ಟೆಲ್ಲ ನನಗೇ. ಅಕ್ಕ ಅಲ್ವಾ.

ಸರಿ, ತೆಗೀತೀನಿ. ಬಾಯಿ ಅಗಲ... ಇನ್ನೂ... ಇನ್ನೂ ಸ್ವಲ್ಪ... ಬಂತು! ನೋಡಿ, ಎಷ್ಟು ಚೊಕ್ಕ ಅಚ್ಚು. ಹಲ್ಲೆಲ್ಲ ಸವೆದು ಸಪಾಟಾಗಿದೆಯಲ್ಲ ಮೇಡಂ. ನಿಮಗ್ಯಾರು ಕನ್ನಡಿ ಹಿಡಿದ್ರು? ನಿಮ್ಮ ಮೇಲಿನವರಾ?

ತಗೊಳ್ಳಿ, ನನ್ನ ಹತ್ರಾನೂ ಒಂದಿದೆ. ಹಿಡ್ಕೊಳ್ಳಿ. ನಗಿ.

ನಗಲ್ವಾ? ಸರಿ, ಮಾತಾಡಿ ಹಾಗಾದ್ರೆ. ಈಗ ಬಾಯಿ ಖಾಲಿ ಇದೆ. ಒಂದೇ ಒಂದು ಮಾತು ಸಾಕು ನನಗೆ, ತಂಗಿಗೆ ತಲುಪಿಸ್ತೀನಿ. 'ತಪ್ಪಾಯ್ತು' ಅನ್ನಿ. ಅದಾಗಲ್ವಾ, 'ಯಾವಳೋ, ನೆನಪಿಲ್ಲ' ಅನ್ನಿ, ಅದನ್ನಾದ್ರೂ ಹೇಳಿ! ಬಾಯಿ ತೆರ್ಕೊಂಡು ಕೂತ್ರೆ ಆಯ್ತಾ? ನನ್ನ ಕೆನ್ನೆ ಯಾಕೆ ಹಾಗೆ ನೋಡ್ತೀರಿ? ಮಾಸ್ಕ್ ಹಾಕಿದೀನಿ, ಏನು ಕಾಣುತ್ತೆ ನಿಮಗೆ? ನೋಡಬೇಡಿ. ಮಾತಾಡಿ ಅಂದೆ!

...

ಏನದು ಸದ್ದು?

ಮತ್ತೆ ಶುರು ಮಾಡಿದ್ರಾ? ಹಲ್ಲಿಗೆ ಹಲ್ಲು ತಾಗಬಾರದು ಅಂತ ಡಾಕ್ಟರು ಅಷ್ಟು ಹೇಳಿದ್ರೂ... ಕರ್ ಕರ್ ಅಂತ... ನಿಲ್ಲಿಸಿ ಮೇಡಂ. ನಿಲ್ಲಿಸೀಂದ್ರೆ!

...

ಅಲ್ಲ... ನಿಮ್ಮ ಬಾಯಿ ತೆರೆದೇ ಇದೆ.