ಕೆಂಪು ಸ್ಟಿಕ್ಕರ್

ಮೂಳೆ ಡಾಕ್ಟರ ವಾರ್ಡಿನ ಹೊರಗೆ, ನನ್ನ ಪಕ್ಕದ ಬೆಂಚಿನಲ್ಲಿ ಅಕ್ಕ, ತಮ್ಮ ಕೂತಿದ್ದರು.

"ಬಚ್ಚಲಲ್ಲಿ ಬಿದ್ದಾಗ ಅಮ್ಮ ಲೈಟೇ ಹಾಕಿರಲಿಲ್ವಂತೆ. ಯಾಕೋ?"

"ಸ್ವಿಚ್ ಮೇಲೆ ಕೆಂಪು ಸ್ಟಿಕ್ಕರ್ ಇತ್ತು ಅಂತಾಳೆ."

"ಯಾರು ಅಂಟಿಸಿದ್ದು?"

"ನಾನೇ. ಕರೆಂಟ್ ಬಿಲ್ ಜಾಸ್ತಿ ಬಂತು ಅಂತ. ಕೆಂಪು ಇರೋದನ್ನ ಮುಟ್ಟಲೇಬೇಡ ಅಂದಿದ್ದೆ."

"ಲೈಟಿಗೂ ಅಂಟಿಸಿದ್ಯಾ?"

"ಇಲ್ಲಕ್ಕ, ಗೀಸರಿಗೆ ಮಾತ್ರ. ಪಕ್ಕದ ಲೈಟ್ ಸ್ವಿಚ್ಚಿಗೂ ಚೂರು ತಾಗಿತ್ತು."

"ಒಂದು ಮಾತು ಕೇಳಬಾರದಿತ್ತಾ ಅವಳು?"

"ಕೇಳಿದ್ಲು. ಎಷ್ಟು ಸಲ ಹೇಳೋದು ಅಂತ ರೇಗಿಬಿಟ್ಟೆ."

ಅಷ್ಟರಲ್ಲಿ ನರ್ಸ್ ಬಂದರು.

"ಮಂಚದ ಮೇಲಿನ ಲೈಟ್ ಆರಿಸಿ, ಬಿಲ್ ಬರುತ್ತೆ ಅಂತ ನಿಮ್ಮಮ್ಮ ಹಟ ಹಿಡಿದಿದ್ದಾರೆ. ಯಾರಾದ್ರೂ ಬಂದು ಸಮಾಧಾನ ಹೇಳಿ."

ತಮ್ಮ ಎದ್ದ. ಎರಡು ಹೆಜ್ಜೆ ಇಟ್ಟು ನಿಂತುಬಿಟ್ಟ.

"ನೀನೂ ಬಾ ಅಕ್ಕ. ನನ್ನೊಬ್ಬನನ್ನೇ ಕಂಡ್ರೆ ಇನ್ನೂ ಹೆದರ್ತಾಳೆ."