ತೊಳೆದುಕೊಂಡ ಭುಜ

ಪರೀಕ್ಷೆಗೆ ರಕ್ತ ಕೊಟ್ಟು, ಹತ್ತಿಯ ಮೇಲೆ ಮೊಣಕೈ ಮಡಚಿ ಕೂತಿದ್ದ ಬಸ್ ಡ್ರೈವರಿಗೆ ಬೇರೆಯವರ ಮಾತಿಗೆ ಕಿವಿಗೊಡುವ ಚಟವೇನೂ ಇರಲಿಲ್ಲ. ಆದರೆ ಡಾಕ್ಟರ ಬಾಗಿಲೆದುರಿನ ಬೆಂಚಿನಲ್ಲಿ ಯಾರೋ ಅಕ್ಕ, ತಮ್ಮ ಅವನಿಗೆ ಒತ್ತಿಕೊಂಡೇ ಕೂತಿದ್ದರು. ಕಿವಿ ಮುಚ್ಚಿಕೊಳ್ಳೋಣವೆಂದರೆ ಅವನಿಗೆ ಬಿಡುವಿದ್ದದ್ದು ಒಂದೇ ಕೈ.

“ಅಷ್ಟು ದಿನದಿಂದ ಭುಜಕ್ಕೆ ಹಾರ್ಮೋನ್ ಜೆಲ್ ಹಚ್ಕೋತಿದ್ದೀಯ, ಲೆವೆಲ್ ಇನ್ನೂ ಪಾತಾಳದಲ್ಲೇ ಇದೆಯಲ್ಲೋ. ಇವತ್ತು ಡೋಸ್ ಜಾಸ್ತಿ ಮಾಡ್ತಾರೆ ಬಿಡು.”

“ಮಾಡಿದ್ರೂ ಅಷ್ಟೇ ಅಕ್ಕ. ಹಚ್ಚಿದ ತಕ್ಷಣ ತೊಳ್ಕೊಂಡುಬಿಡ್ತೀನಿ.”

“ತಲೆ ಕೆಟ್ಟಿದ್ಯಾ ನಿಂಗೆ?”

“ಗಂಡಸರ ಹಾರ್ಮೋನು, ಪುಟ್ಟಿಗೆ ತಾಕಬಾರದಂತೆ. ಅವಳ ಮೈಗೂ ಇಳಿಯುತ್ತಂತೆ.”

“ಅಂಗಿ ಹಾಕ್ಕೊಂಡು ಎತ್ಕೋ.”

“ಅವರಮ್ಮ ಹೋದಾಗಿಂದ ಅಂಗಿ ಸರಿಸಿ, ಬರೀ ಭುಜಕ್ಕೆ ಕೆನ್ನೆ ಇಟ್ರೇನೇ ಅವಳಿಗೆ ನಿದ್ದೆ.”

“ಹಾಗಾದ್ರೆ ಇಂಜೆಕ್ಷನ್ನೇ ತಗೋ.”

“ಅದರಲ್ಲಿ ರಕ್ತ ಗಟ್ಟಿಯಾಯ್ತು ಅಂತ ತಾನೇ ನಿಲ್ಲಿಸಿದ್ದು?”

ಅಕ್ಕ ಬ್ಯಾಗಿನ ಪಟ್ಟಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು.

“ನಾನು ಮಲಗಿಸ್ಕೋತೀನಿ ಕಣೋ ಅವಳನ್ನ.”

“ಹೋದ ವಾರ ಮಲಗಿಸ್ಕೊಂಡ್ಯಲ್ಲ. ಬೆಳಗಾಗೋವರೆಗೂ ಅತ್ಳು.”

“ಹೀಗೇ ಆದ್ರೆ ಅವಳನ್ನ ಎತ್ಕೊಳ್ಳೋಕೂ ನಿಂಗೆ ತ್ರಾಣ ಇರಲ್ಲ.”

“ಈಗ ಮಾತ್ರ ಎಲ್ಲಿ ಎತ್ಕೋತೀನಿ? ನೆಲದ ಮೇಲೆ ಬಿದ್ಕೊಂಡಿರ್ತೀನಿ, ಅವಳೇ ಬಂದು ಹತ್ಕೋತಾಳೆ.”

“ಡಾಕ್ಟರಿಗೆ ಏನು ಹೇಳ್ತೀಯ?”

“ದಿನಾ ಹಚ್ತೀನಿ ಅಂತೀನಿ. ಸುಳ್ಳಲ್ವಲ್ಲ.”

“ಸುಳ್ಳೇ ಕಣೋ ಅದು. ನಿಜ ನಾನೇ ಹೇಳ್ತೀನಿ.”

ನರ್ಸ್ ಕರೆದಳು. ತಮ್ಮ ಏಳಲು ಬೆಂಚಿನ ಅಂಚು ಹಿಡಿದ. ಅದು ಸಾಲದೆ ಡ್ರೈವರನ ಮಂಡಿಯ ಮೇಲೆ ಕೈಯೂರಿದ. ಅಕ್ಕ ಅವನ ಬೆನ್ನಿಗೆ ಕೈಕೊಟ್ಟು ಒಳಗೆ ನಡೆಸಿಕೊಂಡು ಹೋದಳು.

“ದಿನಾ ಹಚ್ಕೋತಿದ್ದಾರಾ?” ಎಂದು ಡಾಕ್ಟರು ಕೇಳಿದ್ದು ಹೊರಗೂ ಕೇಳಿಸಿತು.

“ದಿನಾ ಹಚ್ಕೋತಾನೆ ಸರ್,” ಎಂದಳು ಅಕ್ಕ. ಬಾಗಿಲು ಮುಚ್ಚಿತು.