ಬಿದಿರು ಒಣಗಿದ ವರ್ಷ

ಹತ್ತಿರ ಬನ್ನಿ, ಕಿವಿ ಇತ್ತ ಕೊಡಿ. ಯಾವ ಸೀಮೆಯೋ, ಯಾವ ರಾಜ ಆಳ್ತಿದ್ದನೋ, ನನಗೆ ಹೇಳಿದ ಅಜ್ಜಿಗೂ ಗೊತ್ತಿರಲಿಲ್ಲ. ಕಾಡಂಚಿನಲ್ಲಿ ಒಂದೂರು. ಆ ಊರಲ್ಲಿ ದೊಡ್ಡತಾಯಿ ಅಂತ ಒಬ್ಬ ಹೆಂಗಸು. ಅವಳಿಗೆ ಒಬ್ಬಳೇ ಮಗಳು, ಚೆಲುವಿ. ಏಳು ವರ್ಷದ ಕೂಸು.

ಒಂದು ಮಳೆಗಾಲ ಅಣಬೆ ಕೀಳೋಕೆ ಹೋದ ಚೆಲುವಿ ತಿರುಗಿ ಬರಲಿಲ್ಲ. ಊರವರು ಮೂರು ದಿನ ಹುಡುಕಿದರು. ಹಳ್ಳ ತುಂಬಿ ಹರೀತಿತ್ತು. ನೀರಿಳಿದ ಮೇಲೆ ದಾಟಿ ನೋಡಿದರೆ ಆಚೆ ದಡದ ತುಂಬ ಮುಳ್ಳುಬಿದಿರಿನ ಮೆಳೆ, ಗೋಡೆ ಕಟ್ಟಿದ ಹಾಗೆ. ಅದರಾಚೆ ಯಾರಿರ್ತಾರೆ ಅಂತ ಎಲ್ಲರೂ ವಾಪಸ್ ಬಂದರು.

ದೊಡ್ಡತಾಯಿ ಬರಲಿಲ್ಲ. ಹಳ್ಳದ ಮೇಲಿನ ಬಂಡೆ ಹತ್ತಿ ಕೂತಳು. ಅವತ್ತಿಂದ ದಿನಾ ಅಲ್ಲೇ. ಬೆಳಿಗ್ಗೆ ಬರೋಳು, ಹೊತ್ತು ಇಳಿಯೋವರೆಗೂ ಕಾಡು ನೋಡೋಳು. ಗಂಡ ಬೊಮ್ಮಣ್ಣ ಅಂಬಲಿ ತಂದಿಟ್ಟು, ಎದ್ದು ಬಾ ಅಂತ ಕರೆದು ಕರೆದು ಸೋತ.

ಮಾಗಿ ಬಂತು, ಎಲೆ ಉದುರಿದವು. ಅವಳಿಗೆ ಜೀವ ಬಂತು. ಎಲೆ ಉದುರಿದರೆ ದೂರ ಕಾಣುತ್ತಲ್ಲ? ಆದರೆ ಬಿದಿರು ಅಡ್ಡ. ಮುತ್ತುಗ ಕೆಂಪಗೆ ಹೂ ಬಿಡ್ತು, ಹೊಂಗೆ ಚಿಗುರಿತು, ಮಳೆ ಹಿಡೀತು, ಕಾಡು ಮತ್ತೆ ಮುಚ್ಚಿಕೊಳ್ತು. ಇನ್ನೊಂದು ಮಾಗಿ ಬರಲಿ ಅಂದುಕೊಂಡಳು. ಅದೂ ಬಂತು. ಮೆಳೆಯ ಸಂದಿನಲ್ಲಿ ಏನೋ ಬೆಳ್ಳಗೆ ಅಲ್ಲಾಡಿತು. ಕೋತಿ ಇರಬೇಕು ಅಂದುಕೊಂಡಳು. ಮತ್ತೆ ಮುತ್ತುಗ, ಮತ್ತೆ ಚಿಗುರು, ಮತ್ತೆ ಮಳೆ.

ಮೂರನೇ ವರ್ಷ ಬಿದಿರು ಹೂ ಬಿಡ್ತು. ಹೂ ಬಿಟ್ಟ ಬಿದಿರು ಉಳಿಯಲ್ಲ, ನಿಮಗೇ ಗೊತ್ತು. ಮೆಳೆಯೆಲ್ಲ ಒಣಗಿ, ಮಾಗಿಯ ಗಾಳಿಗೆ ಮಗುಚಿ ಬಿತ್ತು. ನೋಡ್ತಾಳೆ, ಆಚೆ ಹೊನ್ನೆ ಮರದ ಬುಡದಲ್ಲಿ ಬಿಳಿ ಸೀರೆಯ ಮುದುಕಿಯೊಬ್ಬಳು ಇತ್ತಲೇ ನೋಡ್ತಾ ಕೂತಿದ್ದಾಳೆ.

ದೊಡ್ಡತಾಯಿ ಹಳ್ಳಕ್ಕಿಳಿದಳು. ಬಿದ್ದ ಬಿದಿರು ತುಳಿದು, ಕಾಲೆಲ್ಲ ತರಚಿಕೊಂಡು ಹತ್ತಿದಳು.

ಮುದುಕಿಯ ಹೆಸರು ಕೇತಮ್ಮ. ಆಚೆ ಹಾಡಿಯ ಜೇನು ಕೀಳೋರ ಮನೆಯವಳು. ಮೂರು ವರ್ಷದ ಹಿಂದೆ ಹಳ್ಳದ ತಿರುವಿನಲ್ಲಿ ಒಂದು ಹೆಣ್ಣುಕೂಸು ತೇಲಿ ಬಂದಿತ್ತಂತೆ, ಉಸಿರಿರಲಿಲ್ಲ. ಮೂರು ಹಾಡಿ ತಿರುಗಿ ಕೇಳಿದರೂ ನಮ್ಮದು ಅನ್ನೋರಿಲ್ಲ, ಈಚೆ ಊರಿಗೆ ಬಂದು ಕೇಳೋಕೆ ಬಿದಿರು ಅಡ್ಡ. ಎತ್ತಿಕೊಂಡು ಬಂದು ಈ ಮರದ ಕೆಳಗೆ ಮಣ್ಣು ಮಾಡಿದಳಂತೆ. ಹೆತ್ತವಳು ಕೇಳಿಕೊಂಡು ಬಂದಾಳು ಅಂತ ದಿನಾ ಬಂದು ಕೂರೋಳಂತೆ.

ದೊಡ್ಡತಾಯಿ ನಿಂತೇ ಕೇಳಿದಳು. "ಕಾಲ್ಬೆರಳಿಗೆ ಬಟ್ಟೆ ಸುತ್ತಿತ್ತಾ ಅಜ್ಜಿ? ಎಡವಿ ಉಗುರು ಕಿತ್ತಿತ್ತು. ನಾನೇ ಕಟ್ಟಿದ್ದೆ."

"ಇತ್ತು ಕಣವ್ವಾ. ನಾನು ಬಿಚ್ಚಲಿಲ್ಲ."

ಮೂರು ವರ್ಷ ಒಂದು ಹನಿ ಕಣ್ಣೀರು ಹಾಕದವಳು ಆ ಮಣ್ಣಿನ ಮೇಲೆ ಬಿದ್ದು ಅತ್ತಳು. ಕೇತಮ್ಮ ಅವಳ ಬೆನ್ನ ಮೇಲೆ ಕೈಯಿಟ್ಟು ಕೂತಳು. ಅಳು ತಗ್ಗಿದ ಮೇಲೆ ಕೇಳಿದಳು.

"ಇನ್ನು ನಾನು ಮನೆಗೆ ಹೋಗಲಾ ಮಗಳೇ? ಕೂಸನ್ನ ಒಂಟಿ ಬಿಡೋಕೆ ಮನಸು ಬರ್ತಿರಲಿಲ್ಲ."

"ಹೋಗವ್ವಾ. ನಾನು ಬಂದೆನಲ್ಲ."

ಮುದುಕಿ ಮೊಣಕಾಲು ಹಿಡಿದು ಎದ್ದಳು, ಹಾಡಿಯ ದಾರಿ ಹಿಡಿದಳು. ದೊಡ್ಡತಾಯಿ ಹೊನ್ನೆ ಮರಕ್ಕೆ ಒರಗಿ ಕೂತಳು.

ಅಲ್ಲಿ ಅವರಿಬ್ಬರು ತಾಯಿ ಮಗಳು, ಇಲ್ಲಿ ನಾವು ಹೇಳೋರು ಕೇಳೋರು. ಎದ್ದೇಳಿ, ನಿಮ್ಮ ನಿಮ್ಮ ಮಕ್ಕಳನ್ನ ಕರೆದುಕೊಂಡು ಮನೆಗೆ ನಡೀರಿ.